ಕೆಳಗಿನ ಮನೆಯವರು

ಕಕ್ಕಬ್ಬೆ ದಾಟಿ ಎರಡು ಮೈಲಿ, ಹಳೆಯ ಏಲಕ್ಕಿ ಗೂಡಿನ ಹಿಂದೆ
ಬಂಡೆಗೆ ಬಂಡೆ ಒರಗಿದಲ್ಲಿ ಒಂದು ಬಿರುಕು.
ಬೊಳ್ಚಿ ಮೊದಲು ಇಳಿದಳು, ಕಾಲು ಮುಂದಾಗಿ.
ಸೌದೆಗೆ ಹೋದಾಗ ಮಳೆ ಹಿಡಿದರೆ ಕೂರುವ ಜಾಗವಂತೆ.
ನಾನು ಹೊಟ್ಟೆ ಎಳೆದುಕೊಂಡು, ಹೆಲ್ಮೆಟ್ಟು ತಟ್ಟಿಸಿಕೊಂಡು, ಹಿಂದೆ.

ಒಳಗೆ, ಹಗಲನ್ನು ಕೇಳಿ ಮಾತ್ರ ಗೊತ್ತಿರುವ ಕತ್ತಲು.
ಬಾವಲಿ ಹಿಕ್ಕೆಯ ಗಾಟು. ಎಲ್ಲೋ ಒಂದು ತೊಟ್ಟು ನೀರು
ಬೀಳಲೋ ಬೇಡವೋ ಎಂದು ಯೋಚಿಸಿ
ಬೀಳುತ್ತದೆ.
ಮೂರು ದಿನ ಅಂಗೈಯಗಲ ಮಣ್ಣು ನೋಡಿದೆವು.
ನಾಲ್ಕನೆಯ ದಿನ ಬೊಳ್ಚಿ: "ಅಗೋ, ಎಳ್ಳು ನಡೀತಾ ಇದೆ."

ಎಳ್ಳಿಗಿಂತ ಚಿಕ್ಕದು. ಜೇನಿನ ಬಣ್ಣ.
ಕಣ್ಣಿರಬೇಕಾದಲ್ಲಿ ನುಣ್ಣಗೆ,
ಹೊಲಿಗೆಯ ಗುರುತೂ ಇಲ್ಲ.
ರೆಕ್ಕೆಯ ಚಿಪ್ಪೆರಡೂ ಬೆಸೆದುಹೋಗಿ,
ಹಾರುವ ಆಸೆಗೆ ಎಂದೋ ಬೀಗ ಜಡಿದು
ಕೀಲಿ ನುಂಗಿದ ಹಾಗೆ.
ಮೀಸೆ ಮಾತ್ರ ಮೈಗಿಂತ ಉದ್ದ.
ತಡವಿ ತಡವಿಯೇ ಓದಬೇಕು ಲೋಕವನ್ನು.

ಇದೆ ಎಂದು ರುಜುವಾತಿಗೆ ಒಂದನ್ನು ಕೊಲ್ಲಬೇಕು.
ಅದು ಶಾಸ್ತ್ರ.
ಸ್ಪಿರಿಟ್ಟಿನ ಸೀಸೆಯಲ್ಲಿ ಆರು ಕಾಲು
ಒಂದೊಂದಾಗಿ ಮಡಚಿಕೊಂಡವು.
ಬೊಳ್ಚಿ ಆಚೆ ತಿರುಗಿ ಎಲೆಯಡಿಕೆ ಹಾಕಿಕೊಂಡಳು.
ನಿನ್ನ ಹೆಸರಿಡುತ್ತೇನೆ ಅಂದೆ.
"ಬೇಡಕ್ಕ. ಸತ್ತದ್ದಕ್ಕೆ ಯಾಕೆ ನನ್ನ ಹೆಸರು?"

ಆ ತೊಟ್ಟಿಗೆ ಹುಳಿ ವಾಸನೆಯಿತ್ತು.
ಮೇಲೆ ಪೆಮ್ಮಯ್ಯನವರ ಪಲ್ಪರ್; ಕಾಫಿ ಹಣ್ಣು ತೊಳೆದ ನೀರು
ಗುಂಡಿಯಿಂದ ಇಂಗಿ ಇಂಗಿ ಇವರ ಸೂರಿಗೆ.
ವರದಿ ಕೊಡಲಿಲ್ಲ ನಾನು. ಜಗಲಿಯ ಮೇಲೆ ಸೂಕ್ಷ್ಮದರ್ಶಕ ಇಟ್ಟೆ.
ಟೋಪಿ ತೆಗೆದು ಬಗ್ಗಿದರು. ಬಗ್ಗಿಯೇ ಇದ್ದರು,
ಕಾಫಿ ಆರುವಷ್ಟು ಹೊತ್ತು.
"ಕೆಳಗೆ ಯಾರೂ ಇಲ್ಲ ಅಂದುಕೊಂಡಿದ್ದೆ."

ಗುಂಡಿ ಸರಿಯಲು ಎರಡು ಕೊಯ್ಲು ಹಿಡಿಯಿತು:
ಮುನಿಸು, ಕಂಟ್ರಾಕ್ಟರನ ಸಬೂಬು,
ನಡುವೆ ಒಂದು ಮದುವೆ.
ಈಗ ಎಂಬತ್ತು ಗಜ ಆಚೆ. ಸಾಲದು. ಆದರೂ.

ಪ್ರಬಂಧ ಅಚ್ಚಾಗಿದೆ. ಲ್ಯಾಟಿನ್ ಹೆಸರಿನೊಳಗೆ
ಬೊಳ್ಚಿಯ ಎಳ್ಳು ಅಡಗಿ ಕೂತಿದೆ.
ಸ್ಥಳ ಎಂಬಲ್ಲಿ ಬರೆದಿದ್ದೇನೆ: ಕೊಡಗು.
ಫೋನಿನ ಬೆಳಕು ಹಿಡಿದು ಬರುವವರಿಗೆ,
ಸೀಸೆಗಿಷ್ಟು ಎಂದು ದರ ಕಟ್ಟುವವರಿಗೆ
ಪದ್ಯವೂ ದಾರಿ ತೋರಬಾರದು.

ಹಾಗಾಗಿ, ಮೊದಲ ಸಾಲು ಸುಳ್ಳು.
ಕಕ್ಕಬ್ಬೆಯಲ್ಲ. ಏಲಕ್ಕಿ ಗೂಡೂ ಇಲ್ಲ ಅಲ್ಲಿ.
ತೊಟ್ಟು ಮಾತ್ರ ನಿಜ.
ಮೊನ್ನೆ ಹೋಗಿ ನಾಲಗೆ ಚಾಚಿ ಕಾದೆ.
ಯೋಚಿಸಿ, ಯೋಚಿಸಿ, ಬಿತ್ತು.
ಬರಿ ನೀರು.