ಕತ್ತರಿ: ಮೋನಪ್ಪ ಕುಲಾಲ್

ಮನಾಮಾದ ಹಳೆ ಸೂಕಿನ ಬೆನ್ನಿಗೆ
ನಮ್ಮ ಪರದೆ ಅಂಗಡಿ.
ಹಿಂದಿನ ಗೋದಾಮಿನಲ್ಲಿ ಮಖಮಲ್ಲಿನ ಥಾನುಗಳು
ಆಳೆತ್ತರ ನಿಂತು ಮಾತು ನುಂಗುತ್ತವೆ.
ಕೂಗಿದರೂ ಕೂಗು ವಾಪಸು ಬರುವುದಿಲ್ಲ.
"ಇದೇ ಬೇಕಿತ್ತು ಮಾರಾಯ," ಅಂದ ಸಿಪ್ರಿಯನ್
ಒಂದು ಚಪ್ಪಾಳೆ ತಟ್ಟಿ, ಕಿವಿಗೊಟ್ಟು,
"ಸ್ಟುಡಿಯೋದವರು ಗಂಟೆಗೆ ಹದಿನೈದು ದಿನಾರು ಕೇಳ್ತಾರೆ."

ಸಿಪ್ರಿಯನ್ ಲಸ್ರಾದೊ, ಏಸಿ ಮೆಕ್ಯಾನಿಕ್.
ಬಾಡೂರು ಶೇಕಬ್ಬ, ದಮ್ಮಾಮಿಗೆ ಟ್ರೇಲರ್ ಓಡಿಸುವವ.
ಒಬ್ಬನ ಮನೆಮಾತು ಕೊಂಕಣಿ, ಇನ್ನೊಬ್ಬನದು ಬ್ಯಾರಿ,
ಜಗಳಕ್ಕೆ ತುಳು,
ಹಾಡಿಗೆ ಕನ್ನಡ.
ಹನ್ನೊಂದು ವರ್ಷ ಶುಕ್ರವಾರಗಳಲ್ಲಿ ಹಾಡಿ ಹಾಡಿ
ಈಗ ಮೊದಲ ಆಲ್ಬಮ್.

ಅರ್ಬಾಬರ ಹತ್ತಿರ ಬೀಗದ ಕೈ ಕೇಳಲು ಹೋದವ ನಾನು.
ಕಂಟ್ರಿ ಮ್ಯೂಸಿಕ್, ಅಂದೆ.
"ಯಾವ ಕಂಟ್ರಿ?" ಅಂದರು.
ಬಾಯಿ ತೆರೆದು ಮುಚ್ಚಿದೆ.
ನಮ್ಮಲ್ಲಿ ಕಂಟ್ರಿ ಅಂದರೆ ಕಳ್ಳಭಟ್ಟಿ,
ನಾಡಬಾಂಬಿಗೆ, ನಾಡಕೋವಿಗೆ ಅಂಟಿದ ಹೆಸರು.
ಇಲ್ಲಿ ಅದು ಫಾರ್ಮಿನ ನಾಲ್ಕನೇ ಖಾನೆ:
ಹೆಸರು, ತಂದೆ, ಹುಟ್ಟಿದ ದಿನ, ಕಂಟ್ರಿ.
ಅರ್ಬಾಬರು ನಕ್ಕು ಕೀಲಿ ಎಸೆದರು.

ರಾತ್ರಿ ಹತ್ತೂವರೆಗೆ ಶಟರ್ ಎಳೆದು ಒಳಗಾದೆವು.
ಆಗಸ್ಟ್. ಏಸಿಯ ಗುಂಯ್ ಮೈಕಿಗೆ ಬೀಳುತ್ತದೆಂದು
ಊರಿಗೆಲ್ಲ ತಂಪು ಹಂಚುವವನೇ
ಕೈಯಾರೆ ಸ್ವಿಚ್ ಆರಿಸಿದ.
ಹತ್ತು ನಿಮಿಷಕ್ಕೆ ಶೇಕಬ್ಬನ ಬನಿಯನ್ನು ಒದ್ದೆ,
ಇಪ್ಪತ್ತಕ್ಕೆ ತಂತಿ ಸಡಿಲ, ಮತ್ತೆ ಶ್ರುತಿ,
ಮತ್ತೆ ಮೊದಲಿನಿಂದ.

ಕಿರುಬೆರಳಿಗೆ ತಾಮ್ರದ ಕೊಳವೆಯ ತುಂಡು,
ಯಾರದೋ ಮನೆಯ ಸತ್ತ ಏಸಿಯಿಂದ ಕಳಚಿದ್ದು;
ಸಿಪ್ರಿಯನ್ ಅದನ್ನು ತಂತಿಯ ಮೇಲೆ ಜಾರಿಸಿದರೆ
ಗಿಟಾರು, ಮೂಗು ಕಟ್ಟಿದ ಮಗುವಿನ ಹಾಗೆ,
ಅಳಲೋ ಬೇಡವೋ ಎಂದು ರಾಗ ಎಳೆಯುತ್ತದೆ.

ಕುದುರೆ ಇಲ್ಲ ಈ ಹಾಡುಗಳಲ್ಲಿ, ಅಗಲ ಟೋಪಿ ಇಲ್ಲ.
ಸೇತುವೆಯ ಕಸ್ಟಮ್ಸಿನಲ್ಲಿ ಒಂಬತ್ತು ತಾಸು ನಿಂತ ಲಾರಿಗಳು,
ಟ್ರೇಲರಿನ ಹೊಟ್ಟೆಯಡಿ ಚಾಪೆ ಹಾಸಿದ ಮಧ್ಯಾಹ್ನ,
ಬಿಸಿಲು ಸರಿದಂತೆ ಚಾಪೆಯೂ ಸರಿಯುವುದು,
ಹದಿನಾಲ್ಕನೇ ಮಹಡಿಯ ಹೊರಗೋಡೆಗೆ ನೇತುಬಿದ್ದವ
ಗಾಜಿನಾಚೆ ಕಂಡ ಯಾರದೋ ಹುಟ್ಟುಹಬ್ಬ.
ಸಿಪ್ರಿಯನ್ ಮೇಲೆ ಹಾಡಿದರೆ ಶೇಕಬ್ಬ
ಎರಡು ಮೆಟ್ಟಿಲು ಕೆಳಗೇ ಇರುತ್ತಾನೆ,
ಏಣಿ ಹಿಡಿದು ನಿಂತವನ ಹಾಗೆ.

ನಾನು ಮೂಲೆಯಲ್ಲಿ ಮರುದಿನದ ಆರ್ಡರ್ ಕತ್ತರಿಸುತ್ತಿದ್ದೆ.
ಮೂರನೇ ಹಾಡಿನ ನಡುವೆ ಕತ್ತರಿ ಸದ್ದು ಮಾಡಿತು.
ಕೈ ತಡೆದೆ.
ಶೇಕಬ್ಬ ಕಣ್ಣು ತೆರೆಯದೆ ಅಂದ:
"ನಿಲ್ಲಿಸಬೇಡ. ಅದೇ ಲೆಕ್ಕದಲ್ಲಿ ಕತ್ತರಿಸು."
ಕಚಕ್. ಬಿಡುವು. ಕಚಕ್ ಕಚಕ್.
ಆ ರಾತ್ರಿ ಮುಹರ್ರಕಿನ ಮದುವೆಮನೆಯೊಂದರ
ಮುತ್ತುಬಣ್ಣದ ಪರದೆಗಳು ತಾಳಕ್ಕೆ ತುಂಡಾದವು.
ಒಂದೂ ಸೊಟ್ಟ ಹೋಗಲಿಲ್ಲ.

ಐದನೆಯದರ ಮೇಲೆ ನಸುಕಿನ ಬಾಂಗು ಬಿತ್ತು.
ಶೇಕಬ್ಬ ಮೈಕು ಬಿಟ್ಟು ಎದ್ದು ಹೋದ.
ಸಿಪ್ರಿಯನ್ ಯಂತ್ರ ಆರಿಸದೆ ಕಾದ.
ಆ ಕಾಯುವಿಕೆಯೂ ಆಲ್ಬಮಿನಲ್ಲಿದೆ,
ತೆಗೆಯಲು ಇಬ್ಬರೂ ಒಪ್ಪಲಿಲ್ಲ.

ಇನ್ನೂರು ಸೀಡಿ ಅಚ್ಚಾದವು.
ಸೀಡಿ ಹಾಕುವ ಪೆಟ್ಟಿಗೆ ಈಗ ಯಾರಲ್ಲಿದೆ, ಅಂದೆ.
ಹಳೇ ಲಾರಿಗಳಲ್ಲಿದೆ, ಅಂದ ಶೇಕಬ್ಬ.
ಸೇತುವೆಯ ಸಾಲಿನಲ್ಲಿ ಮೂವತ್ತೊಂದು ಮಾರಿದ,
ಪೇಶಾವರದವನೊಬ್ಬನಿಗೆ ಸುಮ್ಮನೆ ಕೊಟ್ಟ.
ಭಾಷೆ ಬಾರದ ಆತ ಮುಂದಿನ ಸಲ ಸಿಕ್ಕಾಗ
ಸ್ಟೇರಿಂಗಿನ ಮೇಲೆ ಉಗುರಿನಿಂದ
ನನ್ನ ಕತ್ತರಿ ನುಡಿಸಿ ತೋರಿಸಿದನಂತೆ.

ಹೊದಿಕೆಯ ಹಿಂದೆ, ಇರುವೆಯಷ್ಟು ಅಕ್ಷರದಲ್ಲಿ,
ಕತ್ತರಿ: ಮೋನಪ್ಪ ಕುಲಾಲ್.
ಇಪ್ಪತ್ತಾರು ವರ್ಷ ಈ ಹೆಸರು ಅಚ್ಚಾದದ್ದು
ವೀಸಾದ ಹಾಳೆಯಲ್ಲಿ, ಸಂಬಳದ ಚೀಟಿಯಲ್ಲಿ.
ಇಲ್ಲಿ ಮಾತ್ರ ಅದರ ಕೆಳಗೆ
ನಾಲ್ಕನೇ ಖಾನೆ ಇರಲಿಲ್ಲ.

ಪರದೆ ಹೊಲಿಯುವವರು ನಾವು
ಅಳತೆಗಿಂತ ಒಂದು ಗೇಣು ಹೆಚ್ಚು ಬಿಡುತ್ತೇವೆ,
ನೀರು ಕಂಡರೆ ಬಟ್ಟೆ ಕುಗ್ಗುತ್ತದೆ.
ಕೊನೆಯ ಹಾಡು ಮುಗಿದ ಮೇಲೆ ಅವರೂ ಬಿಟ್ಟಿದ್ದಾರೆ:
ಯಾರೋ ಎದ್ದ ಸದ್ದು, ಸ್ವಿಚ್ಚು,
ಏಸಿ ಗುಂಯ್ ಎಂದು ಶುರುವಾಗಿ,
ಆಮೇಲೆ ಒಂದು ದನಿ, ನನ್ನದೇ,
ಉಸ್ಸಪ್ಪಾ.