ಸಿಪ್ಪೆಯ ಒಗರು

ಜಬೀವುಲ್ಲಾನ ಜ್ಯೂಸಂಗಡಿಯಿಂದ
ಸಂಜೆ ಸಂಜೆ ಒಂದು ಚೀಲ ದಾಳಿಂಬೆ ಸಿಪ್ಪೆ ತರುತ್ತೇನೆ.
'ಎಮ್ಮೆನೂ ಮೂಸಲ್ಲ ಮೇಡಂ ಇದನ್ನ' ಅಂತಾನೆ,
ದುಡ್ಡು ತಗೊಳ್ಳಲ್ಲ.

ಲ್ಯಾಬಿನ ತಾರಸಿ, ಹಳೇ ಪೇಪರು,
ದಾವಣಗೆರೆಯ ಬಿಸಿಲಿಗೆ ಮೂರು ದಿನ ಸಾಕು:
ಕೆಂಪು ಹೋಗಿ ಚಪ್ಪಲಿ ತೊಗಲಿನ ಬಣ್ಣ.
ಕುಟ್ಟಿ, ನೆನೆಸಿ, ಸೋಸಿದರೆ ಕಂದು ನೀರು.
ನಾಲಗೆಗೆ ಮುಟ್ಟಿಸಿದರೆ
ಬಾಯಿಯ ಗೋಡೆಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ.
(ಇಲ್ಲಿ ಏನನ್ನೂ ಬಾಯಿಗಿಡಬಾರದು ಎಂಬ ಬೋರ್ಡು
ನಾನೇ ಬರೆದದ್ದು.)

ಹುಗ್ಗಿಯ ಡಬ್ಬಿ ಬಂದದ್ದು ಅದೇ ವಾರ.
ಹಾಸ್ಟೆಲ್ಲಿನ ಅರವತ್ತೆರಡು ಹುಡುಗರು,
ಉಂಡ ಮೂರು ತಾಸಿಗೆ
ಬಕೆಟ್ಟು ಸಾಲದೆ ಕಿಟಕಿಗೆ ಓಡಿದವರು.
ಅಡುಗೆಯ ಓಬಳೇಶಣ್ಣ ಬಾಗಿಲಾಚೆಯೇ ನಿಂತ:
'ಎಲ್ಡು ಸಲ ಕುದಿಸೀನ್ರೀ.
ಕೊತಕೊತ ಅಂದದ್ದು ಇಡೀ ಓಣಿಗೆ ಕೇಳೈತೆ.
ಅಷ್ಟು ಕುದ್ದ ಮ್ಯಾಲೂ ಬದುಕೋದು ಯಾವ್ದೈತೆ?'

ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.
ಈಳಿಗೆ ಕಚ್ಚಿದ್ದು, ಅರಿಶಿಣ ಮೆತ್ತಿದ್ದು,
ಅರಿಶಿಣದ ಅಂಚಿಗೆ ಕೀವು.
ನಾನು ನೋಡಿದೆ.
ನಾನು ನೋಡಿದ್ದನ್ನು ಅವನು ನೋಡಿದ.

ನಿಜ ಅಣ್ಣಾ, ಕುದಿಯಲ್ಲಿ ಅವೆಲ್ಲ ಸತ್ತಿದ್ದವು.
ಆದರೆ ಸಾಯುವ ಮುಂಚೆ
ರಾತ್ರಿಯಿಡೀ ಬೆಚ್ಚನೆಯ ಹಾಲಿನಲ್ಲಿ ಕೂತು
ಆಡಿಬಿಟ್ಟಿದ್ದವು.
ಆಡಿದವರನ್ನು ಸುಟ್ಟರೆ
ಆಡಿದ ಮಾತು ಸುಡುತ್ತದೆಯೆ?

ಇದನ್ನು ಅವನಿಗೆ ಹೇಳಲಿಲ್ಲ.

ನನ್ನ ಟ್ಯೂಬುಗಳಲ್ಲಿ ತಿರುಗಾಮುರುಗಾ.
ಸಿಪ್ಪೆಯ ನೀರನ್ನು ಇಳಿಸುತ್ತಾ ಇಳಿಸುತ್ತಾ ಹೋದೆ,
ಕೊಲ್ಲಲಾಗದಷ್ಟು ಕಡಿಮೆ.
ಬೆಳಗ್ಗೆ ಎಲ್ಲವೂ ಬದುಕಿದ್ದವು,
ಮಜ್ಜಿಗೆ ತಿಳಿಯಷ್ಟು ಮಬ್ಬು.
ವಿಷ ತೋರುವ ಪಟ್ಟಿಯಲ್ಲಿ ಮಾತ್ರ ಗೆರೆ ಮೂಡಲಿಲ್ಲ.
ಮತ್ತೆ ಮಾಡಿದೆ. ಮೂಡಲಿಲ್ಲ.
ತುಂಬಿದ ಸಂತೆ, ಒಬ್ಬರಿಗೂ ಬಾಯಿಲ್ಲ.
ಒಗರು ಅವುಗಳ ನಾಲಗೆಗೂ ಹತ್ತಿತೇನೋ
(ನಾಲಗೆ ಇಲ್ಲ ಅವಕ್ಕೆ, ಗೊತ್ತು).

ಇದು ಟ್ಯೂಬಿನ ಸುದ್ದಿ, ಹೊಟ್ಟೆಯ ಸುದ್ದಿಯಲ್ಲ.
ಹಾಸ್ಟೆಲ್ಲಿನ ಹಂಡೆಯವರೆಗೆ ಬರಲು ವರ್ಷ ಬೇಕು,
ಬಾರದೆಯೂ ಇರಬಹುದು.

ಅಷ್ಟರಲ್ಲಿ ಅವನೇ ಒಳಗೆ ಬಂದ.
ಚಪ್ಪಲಿ ಹೊರಗೇ ಬಿಟ್ಟ.
ಬಟ್ಟೆ ಬಿಚ್ಚಿ ಹೆಬ್ಬೆರಳು ಚಾಚಿದ,
ಪಡಿತರ ಅಂಗಡಿಯ ಯಂತ್ರಕ್ಕೆ ಒತ್ತುವ ಹಾಗೆ.
ಹತ್ತಿ ತಾಗಿಸಿದೆ.
ಇಬ್ಬರಿಗೂ ಗೊತ್ತಿತ್ತು ಏನು ಬೆಳೆಯುತ್ತದೆಂದು.

'ಹುಡುಗ್ರು?'
'ಎದ್ದು ಕೂತಾರೆ. ಹಸಿವು ಅಂತಿದಾರೆ.'

ಅವನು ಮುಖ ಗೋಡೆಗೆ ತಿರುಗಿಸಿ
ಬಹಳ ಹೊತ್ತು ಬೋರ್ಡು ಓದಿದ.
ವರದಿಯ ಕಾಗದದಲ್ಲಿ, ಮೂಲ ಎಂಬಲ್ಲಿ
'ಕೈ' ಎಂದು ಬರೆದೆ.
ಯಾರದು ಎಂದು ಕೇಳುವ ಸಾಲು
ಆ ಕಾಗದದಲ್ಲಿ ಇರಲಿಲ್ಲ.