ಹರಿದ ಬಲೆಗಳ ಲೆಕ್ಕ

ಶಾಲೆಯ ಕಟ್ಟೆಯ ಮೇಲೆ ಕೂತವರು ಹದಿನೇಳು ಮಂದಿ,
ಅದರಲ್ಲಿ ನಾಲ್ವರು ಚಹಾಕ್ಕೆ ಬಂದವರು.
ಖಜಾಂಚಿ ನಾನು. ಗಂಗಾವತಿಯಲ್ಲಿ ಜೆರಾಕ್ಸ್ ಅಂಗಡಿ,
ಈಜು ಬಾರದು.
ನೀರುನಾಯಿ ಸಂಘದ ವರ್ಷದ ಲೆಕ್ಕ ಓದಬೇಕಾದವನೂ ನಾನೇ.

ಜಮಾ:
ಪಟ್ಟಿ ಎತ್ತಿದ್ದು ಇಪ್ಪತ್ತೊಂದು ಸಾವಿರದ ನಾನೂರು.
ಅಕ್ಕಿ ಗಿರಣಿಯ ಸಾಹುಕಾರರು ಕೊಟ್ಟದ್ದು ಹಣವಲ್ಲ,
ನೂರು ಖಾಲಿ ಚೀಲ.
ಹೊಳೆದಂಡೆಯ ಬಾಟಲಿ, ಥರ್ಮಾಕೋಲು, ಯಾರೋ ಹರಕೆಗೆ ಬಿಟ್ಟ ಸೀರೆ,
ಎಂಬತ್ತಾರು ತುಂಬಿದವು.
ಉಳಿದ ಹದಿನಾಲ್ಕು ಎಲ್ಲಿ ಎಂದು ಯಂಕೋಬ ಕೇಳಿದ.
ಹದಿನಾಲ್ಕು ಹೊಸ್ತಿಲಲ್ಲಿ ಕಾಲೊರಸುಗಳಾಗಿವೆ,
ಅವನ ಮನೆಯದೂ ಸೇರಿ.
ಬರೆದುಕೊಂಡಿಲ್ಲ.

ಖರ್ಚು:
ನೈಲಾನ್ ದಾರ, ಹನ್ನೆರಡು ಉಂಡೆ.
ನೀರುನಾಯಿ ಹರಿದ ಬಲೆಗೆ ದಾರ ಸಂಘದ್ದು, ಹೊಲಿಯುವ ಕೈ ನಿಮ್ಮದು,
ಮಡುವಿಗೆ ಯಾರೂ ಮದ್ದು ಸಿಡಿಸಬಾರದು:
ಮೂರು ವರ್ಷದ ಹಿಂದಿನ ಮಾತು.
ಬರೆಸಿದ ಬಲೆಗಳು ಅರವತ್ಮೂರು.
ರಾಜಾಬಕ್ಷಿಯದು ಕಲ್ಲಿಗೆ ಸಿಕ್ಕು ಹರಿದದ್ದು,
ನೀರುನಾಯಿಯ ಹೆಸರಿಗೆ ಬರೆಸಿದ.
ಬರೆದೆ. ಅರ್ಧ ಉಂಡೆ ದಾರಕ್ಕೆ
ಒಬ್ಬ ಮನುಷ್ಯನನ್ನು ಸುಳ್ಳುಗಾರ ಎನ್ನುವುದು ದುಬಾರಿ.

ಹುಲಿಗೆವ್ವನ ಮಾತು ವರದಿಯಲ್ಲಿಲ್ಲ, ಆದರೂ ಓದುತ್ತೇನೆ:
"ಮೊದಲ ಅದನ್ನ ಕಂಡ್ರ ಕಲ್ಲು ಒಗಿತಿದ್ದೆ.
ಈಗ ಬ್ಯಾಸಿಗ್ಯಾಗ ಅದು ಎಲ್ಲಿ ಮುಳುಗತೈತಿ ನೋಡಿ
ಅಲ್ಲೇ ಬಲಿ ಬಿಡತೀನಿ.
ಮೀನಿನ ಜಾಗ ತೋರಸೋ ಪಾಲುದಾರ ಅದು.
ಪಾಲು ಕೇಳದ ಒಯ್ತೈತಿ, ಅಷ್ಟ."

ಎಣಿಕೆ:
ಪುಷ್ಯದ ಚಳಿಯಲ್ಲಿ ಮೂರು ಮುಂಜಾವು,
ಶಿವಪುರದಿಂದ ಸಣಾಪುರದವರೆಗೆ ಐದು ಹರಿಗೋಲು.
ಎಂಟನೇ ಕ್ಲಾಸಿನ ಹುಡುಗಿಯರು ಬಂಡೆಬಂಡೆಗೆ ಇಳಿದು
ಮೂಗು ಮುಚ್ಚದೆ ಹಿಕ್ಕೆ ಮೂಸಿದರು.
ಹಳೆಯದು ಬೂದಿ. ಹೊಸದರಲ್ಲಿ ಮೀನಿನ ಹುರುಪೆ
ಬಿಸಿಲು ಬೀಳುತ್ತಲೇ ಮಿನುಗುತ್ತದೆ,
ಯಾರದೋ ಕಿಸೆಯ ಚಿಲ್ಲರೆ ಚೆಲ್ಲಿದ ಹಾಗೆ.
ಹೋದ ವರ್ಷ ಕಣ್ಣಿಗೆ ಬಿದ್ದದ್ದು ಹತ್ತೊಂಬತ್ತು.
ಈ ವರ್ಷ ಹದಿನಾರು.

ಇಲ್ಲಿ ತುಸು ಗದ್ದಲ.
ಡ್ಯಾಮಿನಿಂದ ನೀರು ಬಿಟ್ಟಿದ್ದರು ಎಂದರೊಬ್ಬರು,
ಮಂಜಿತ್ತು ಎಂದರು, ಮರಳಿನ ಟ್ರ್ಯಾಕ್ಟರಿನ ಸದ್ದಿಗೆ ಆಚೆ ದಡ ಸೇರಿವೆ ಎಂದರು.
"ಇಪ್ಪತ್ತಂತ ಬರಿ, ರೊಕ್ಕ ಕೊಡಾವ್ರಿಗೆ ಖುಷಿ ಆಕ್ಕೈತಿ,"
ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಂದರು.
ಜೆರಾಕ್ಸಿನವನಿಗೆ ಗೊತ್ತಿರುವುದು ಇಷ್ಟೇ:
ಮೂಲದಲ್ಲಿ ಇಲ್ಲದ್ದು ನಕಲಿನಲ್ಲಿ ಬರಬಾರದು.
"ರಾಜಾಬಕ್ಷಿ ಬಲಿ?" ಎಂದ ಯಂಕೋಬ.
ಎಲ್ಲರೂ ನಕ್ಕರು, ರಾಜಾಬಕ್ಷಿಯೇ ಹೆಚ್ಚು.
ನನ್ನಲ್ಲಿ ಉತ್ತರವಿರಲಿಲ್ಲ. ಹದಿನಾರು ಹದಿನಾರಾಗಿಯೇ ಉಳಿಯಿತು.

ಇನ್ನೊಂದಿದೆ, ಯಾವ ಕಲಮಿಗೂ ಹೊಂದದ್ದು.
ಮಾಘದ ಒಂದು ನಸುಕು ಹುಲಿಗೆವ್ವನ ಬಲೆಯಲ್ಲಿ ಮರಿ.
ಸೀಟಿಯಂಥ ದನಿ. ಸುತ್ತ ನಾಲ್ಕು ದೊಡ್ಡವು ನೀರಿನಿಂದ ತಲೆ ಎತ್ತಿ
ಹರಿಗೋಲನ್ನು ಗದರುತ್ತಿದ್ದವಂತೆ.
ಬಿಡಿಸಲು ಹೊತ್ತಿಲ್ಲ. ಎಲೆ ಅಡಿಕೆ ಚೀಲದಿಂದ ಅಡಕೊತ್ತು ತೆಗೆದು
ಹುಲಿಗಿ ಹುಣ್ಣಿವೆಗೆ ಕೊಂಡ ಹೊಸ ಬಲೆಯನ್ನು
ನಡುವಿಗೆ ಕತ್ತರಿಸಿದಳು.
ಮರಿ ಅವಳ ಹೆಬ್ಬೆರಳು ಕಚ್ಚಿ ಹೋಯಿತು.

ಅರವತ್ನಾಲ್ಕನೆಯದು ಎಂದು ಬರೆಯಲು ಹೋದೆ.
ಪುಸ್ತಕದ ಮೇಲೆ ಅಂಗೈ ಇಟ್ಟಳು:
"ಅದು ನಾಯಿ ಹರಿದದ್ದಲ್ಲ. ನಾ ಹರಿದದ್ದು."

ಬಾಕಿ: ಮುನ್ನೂರಾ ಹನ್ನೊಂದು ರೂಪಾಯಿ,
ದಾರ ಅರ್ಧ ಉಂಡೆ.

ಸಭೆ ಎದ್ದಿತು. ಚಹಾದ ಲೋಟಗಳನ್ನು
ಮಕ್ಕಳು ಹೊಳೆಗೆ ಒಯ್ಯದೆ ನಲ್ಲಿಗೆ ಒಯ್ದರು.
ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ
ಮೇಜಿನ ಮೇಲೆ ರೂಪಾಯಿ ಇದ್ದವು,
ದಾರ ಇರಲಿಲ್ಲ.
ಹುಲಿಗೆವ್ವ ಇಳಿಜಾರಿನಲ್ಲಿ ಅರ್ಧ ದೂರ ಹೋಗಿದ್ದಳು,
ಸೆರಗಿನ ತುದಿಯಲ್ಲೊಂದು ಗಂಟು,
ಹೆಬ್ಬೆರಳಿಗೆ ಇನ್ನೂ ಅರಿಸಿನದ ಬಟ್ಟೆ.